ಮನೆಯಲ್ಲೇ ಓದಿಸುವವರ ಮೇ ತಿಂಗಳು

ಮೇ ಕೊನೆಯ ವಾರ ಬಂತೆಂದರೆ ಪುಸ್ತಕದ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ಸಮವಸ್ತ್ರ ಹೊಲಿಯುವ ದರ್ಜಿಗಳಿಗೆ ಬಿಡುವಿರುವುದಿಲ್ಲ. ಓಣಿಯ ಮಕ್ಕಳು ಹೊಸ ಬ್ಯಾಗು ತೋರಿಸಿಕೊಂಡು ಓಡಾಡುತ್ತಾರೆ. ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಬೇಕೆಂದು ತೀರ್ಮಾನಿಸಿದ ತಂದೆ ತಾಯಿಯರಿಗೆ ದಿಗಿಲಾಗುವುದೂ ಇದೇ ವಾರದಲ್ಲಿ. ನಾವೂ ಏನಾದರೂ ತರಬೇಕಲ್ಲವೇ, ಗೋಡೆಗೊಂದು ವೇಳಾಪಟ್ಟಿ ಅಂಟಿಸಬೇಕಲ್ಲವೇ, ಒಂದು ಕೋಣೆಯನ್ನು ತರಗತಿಯಂತೆ ಸಜ್ಜು ಮಾಡಬೇಕಲ್ಲವೇ ಎಂದು ಕೇಳಿಕೊಂಡು ಬರುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಇಷ್ಟು: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮೊದಲು ಮಗುವನ್ನು ನೋಡಿ, ಪುಸ್ತಕ ಆಮೇಲೆ.

ನೋಡುವುದು ಅಂದರೆ ಪರೀಕ್ಷೆ ಮಾಡುವುದಲ್ಲ. ಎರಡು ವಾರ ಒಂದು ನೋಟ್‌ಬುಕ್ ಹತ್ತಿರ ಇಟ್ಟುಕೊಳ್ಳಿ. ಮಗು ಯಾರೂ ಹೇಳದೆ ಯಾವ ಕೆಲಸಕ್ಕೆ ಕೈ ಹಾಕುತ್ತದೆ, ಯಾವುದರಲ್ಲಿ ಅರ್ಧ ಗಂಟೆ ಮೈಮರೆತು ಕೂರುತ್ತದೆ, ಬೆಳಿಗ್ಗೆ ಚುರುಕೋ ಸಂಜೆ ಚುರುಕೋ, ಕೇಳಿಸಿಕೊಂಡದ್ದು ನೆನಪಿರುತ್ತದೋ ಕೈಯಾರೆ ಮಾಡಿದ್ದು ನೆನಪಿರುತ್ತದೋ, ಓದುವಾಗ ಎಲ್ಲಿ ತಡವರಿಸುತ್ತದೆ, ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಬರುತ್ತದೆಯೇ ಎಂಬುದನ್ನೆಲ್ಲ ಒಂದೊಂದು ಸಾಲು ಬರೆದಿಡಿ. ಹೊಗಳಿಕೆಯೂ ಬೇಡ, ದೂರೂ ಬೇಡ, ಕಂಡದ್ದು ಮಾತ್ರ ಸಾಕು. ಎರಡು ವಾರ ಕಳೆದ ಮೇಲೆ ಆ ಪುಟಗಳನ್ನು ಒಟ್ಟಿಗೆ ಓದಿದರೆ ವರ್ಷದ ಯೋಜನೆಯ ಮುಕ್ಕಾಲು ಭಾಗ ಅಲ್ಲೇ ಸಿಗುತ್ತದೆ. ಹಿಂದಿನ ವರ್ಷವೂ ಮನೆಯಲ್ಲೇ ಓದಿಸಿದವರು ಇನ್ನೊಂದನ್ನು ಸೇರಿಸಬೇಕು: ಕಳೆದ ವರ್ಷ ಶುರು ಮಾಡಿ ನಿಲ್ಲಿಸಿದ್ದು ಯಾವುದು, ಏಕೆ ನಿಂತಿತು? ನಿಂತದ್ದನ್ನೆಲ್ಲ ಈ ವರ್ಷ ಮತ್ತೆ ಎಳೆದು ತರಬೇಕಾಗಿಲ್ಲ.

ಶಾಲೆಯಿಂದ ಈಗಷ್ಟೇ ಬಿಡಿಸಿದ ಮಗುವಾದರೆ ನೋಡುವ ಅವಧಿ ಇನ್ನೂ ಉದ್ದವಾಗಿರಲಿ. 'ಹೌ ಚಿಲ್ಡ್ರನ್ ಫೇಲ್' (1964) ಬರೆದ ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ ತರಗತಿಯ ಒಳಗೆ ಕೂತು ಮಕ್ಕಳನ್ನು ಗಮನಿಸಿ ಕಂಡುಕೊಂಡದ್ದು ಏನೆಂದರೆ, ಅನೇಕ ಮಕ್ಕಳು ವಿಷಯ ತಿಳಿಯಲು ಯೋಚಿಸುವುದಿಲ್ಲ, ಮೇಷ್ಟರಿಗೆ ಬೇಕಾದ ಉತ್ತರ ಯಾವುದೆಂದು ಊಹಿಸಲು ಯೋಚಿಸುತ್ತಾರೆ. ಆ ಅಭ್ಯಾಸ ಬಿಡಲು ಕಾಲ ಬೇಕು. ಮಗು ಮೊದಲ ತಿಂಗಳು ಬರೀ ಆಡಿ, ಮಲಗಿ, ಬೇಜಾರು ಎಂದು ಸುತ್ತಾಡಿದರೆ ಗಾಬರಿಯಾಗಬೇಡಿ. ಆ ಬೇಜಾರಿನಿಂದಲೇ ಅದರ ಸ್ವಂತ ಕುತೂಹಲ ತಲೆ ಎತ್ತುತ್ತದೆ.

ಇನ್ನು ಎಲ್ಲರೂ ಕೇಳುವ ಕಾನೂನಿನ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅದರ ಉದ್ದೇಶ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಮು ಹೇಳುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆಯನ್ನು ಆ ಕಾಯ್ದೆ ವಿಧಿಸಿಲ್ಲ, ಮನೆಯಲ್ಲಿ ಕಲಿಸುವುದರ ಪ್ರಸ್ತಾಪವೂ ಅದರಲ್ಲಿಲ್ಲ. ಅಂದರೆ ಸ್ಪಷ್ಟ ಅನುಮತಿಯೂ ಇಲ್ಲ, ನಿಷೇಧವೂ ಇಲ್ಲ. ಇದನ್ನು ತಿಳಿದೇ ಹೆಜ್ಜೆ ಇಡಬೇಕು. ಧೈರ್ಯ ಕೊಡುವ ಅಂಶವೂ ಅದೇ ಕಾಯ್ದೆಯಲ್ಲಿದೆ. ಶಾಲೆಗೆ ಹೋಗದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು 4ನೇ ಕಲಮು ಹೇಳುತ್ತದೆ. ಹಿಂತಿರುಗುವ ದಾರಿ ಮುಚ್ಚಿಲ್ಲ. ಶಾಲೆ ಬಿಡಿಸುವಾಗ ವರ್ಗಾವಣೆ ಪತ್ರ, ಅಂಕಪಟ್ಟಿ ಕೇಳಿ ಪಡೆಯಿರಿ. ಜನನ ಪ್ರಮಾಣಪತ್ರ, ಆಧಾರ್ ಜೊತೆ ಒಂದೇ ಫೈಲಿನಲ್ಲಿ ಇಡಿ.

ದಿನಕ್ಕೆ ಎಷ್ಟು ಹೊತ್ತು ಕಲಿಸಬೇಕು? ಒಂದರಿಂದ ಐದನೇ ತರಗತಿಯವರೆಗೆ ಶಾಲೆಗಳಿಗೆ ಕಾಯ್ದೆ ಹಾಕಿರುವ ಲೆಕ್ಕ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಅಂದರೆ ಚಿಕ್ಕ ಮಕ್ಕಳಿಗೆ ದಿನಕ್ಕೆ ನಾಲ್ಕು ಗಂಟೆ. ಅದು ಹಾಜರಿ ಕೂಗಿ, ಮೂವತ್ತು ಮಕ್ಕಳ ಸದ್ದಡಗಿಸಿ, ಪ್ರತಿಯೊಬ್ಬರ ಪುಸ್ತಕ ತಿದ್ದುವ ಶಿಕ್ಷಕರ ನಾಲ್ಕು ಗಂಟೆ. ಎದುರಿಗೆ ಒಂದೇ ಮಗು ಇರುವಾಗ ಅಷ್ಟು ಬೇಡ. ಆರೇಳು ವರ್ಷದ ಮಗುವಿಗೆ ಕೂತು ಕಲಿಯುವ ಹೊತ್ತು ಒಂದರಿಂದ ಒಂದೂವರೆ ಗಂಟೆ ಸಾಕು, ಅದೂ ಕಾಲು ಕಾಲು ಗಂಟೆಯ ತುಂಡುಗಳಲ್ಲಿ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ನೂರು ವರ್ಷಕ್ಕೂ ಹಿಂದೆ ಒತ್ತಿ ಹೇಳಿದ್ದು ಇದನ್ನೇ: ಪಾಠ ಚಿಕ್ಕದಿರಲಿ, ಗಮನ ಪೂರ್ತಿ ಇರಲಿ, ಓದಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಈ ಮೂರನೆಯದನ್ನು ನೀವು ಪರೀಕ್ಷೆಯ ಬದಲಿಗೆ ಬಳಸಬಹುದು. ಸುಮ್ಮನೆ 'ಏನು ಓದಿದೆ, ಹೇಳು ಮಗಾ' ಅಂದರಾಯಿತು. ಎಲ್ಲಿ ತಪ್ಪಿದೆ ಎಂಬುದು ಆ ಮಾತಿನಲ್ಲೇ ಗೊತ್ತಾಗುತ್ತದೆ.

ಕನ್ನಡ ಓದಿಸುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೊಸಬರು ಮೊದಲು ಸೋಲುವುದು ಇಲ್ಲಿ. ಅ, ಆ, ಇ, ಈ ಎಂದು ಶುರು ಮಾಡಿ ವರ್ಣಮಾಲೆ ಪೂರ್ತಿ ತಿದ್ದಿಸಿದ ಮೇಲೆಯೇ ಪದ ಎಂದುಕೊಂಡರೆ ತಿಂಗಳುಗಟ್ಟಲೆ ಮಗುವಿಗೆ ಓದುವ ಸಂತೋಷವೇ ಸಿಗುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ಈ ಪದ್ಧತಿಯಲ್ಲಿ ಅಕ್ಷರಗಳು ಬರುವುದು ರ, ಗ, ಸ, ದ, ಅ ಎಂಬ ಕ್ರಮದಲ್ಲಿ. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ತಾನೇ ಓದುತ್ತದೆ. ಒಂದು ವಾರದಲ್ಲಿ ಪದ ಓದಿದ ಮಗುವಿನ ಮುಖ ನೋಡಿದವರಿಗೆ ಈ ಕ್ರಮದ ಬೆಲೆ ಗೊತ್ತು. ಅಕ್ಷರಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದು ಕೊಡಿ, ನೆಲದ ಮೇಲೆ ಹರಡಿ ಜೋಡಿಸಲಿ. ಕಾಗುಣಿತ ಒಂದೊಂದೇ ಗುರುತಾಗಿ ಬರಲಿ: ಈ ವಾರ ಇಳಿ ಸೇರಿಸಿದ ಪದಗಳು, ಮುಂದಿನ ವಾರ ಗುಡಿಸು. ಅದು ನಾಲಿಗೆಯಲ್ಲಿ ಹರಿದಾಡುವ ತನಕ ಒತ್ತಕ್ಷರಕ್ಕೆ ಆತುರ ಮಾಡಬೇಡಿ. ಜೊತೆಗೆ ದಿನಾ ರಾತ್ರಿ ನೀವು ಗಟ್ಟಿಯಾಗಿ ಓದಿ ಹೇಳುವುದು ಮಾತ್ರ ತಪ್ಪಬಾರದು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿಯೂ ಇವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಮಗುವನ್ನು ಸದಸ್ಯನನ್ನಾಗಿ ಮಾಡಿ.

ಗಣಿತ ಅಡುಗೆಮನೆಯಿಂದ ಶುರುವಾಗಲಿ. ಹಳೆಯ ಮೈಸೂರು ಕಡೆಯ ಮನೆಗಳಲ್ಲಿ ಇನ್ನೂ ಪಾವು, ಸೇರು ಉಳಿದಿವೆ. ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ನಾಲ್ಕು ಪಾವು ಒಂದು ಸೇರು. ಅಕ್ಕಿ ಅಳೆದು ಸುರಿಯುತ್ತ ಕೂತ ಮಗುವಿಗೆ ಕಾಲು, ಅರ್ಧ, ಹದಿನಾರನೇ ಒಂದು ಎಂಬುದೆಲ್ಲ ಕೈಗೇ ತಿಳಿಯುತ್ತದೆ. ಭಿನ್ನರಾಶಿಯ ಪುಸ್ತಕ ಎರಡು ವರ್ಷ ಆಮೇಲೆ ಬಂದಾಗ ಅದು ಅಪರಿಚಿತ ಆಗಿರುವುದಿಲ್ಲ. ಹುಣಸೆಬೀಜ, ಚನ್ನೆಮಣೆ, ಹಾಲಿನ ಲೆಕ್ಕ, ಬಸ್ಸಿನ ಟಿಕೆಟ್ ಇವೆಲ್ಲ ಇರಲಿ. ಆದರೆ ಎಂಟು ವರ್ಷ ದಾಟಿದ ಮಗುವಿಗೆ ಇದರ ಜೊತೆ ಕ್ರಮವಾದ ಪುಸ್ತಕವೂ ಬೇಕು. ಗಣಿತದಲ್ಲಿ ನಡುವಿನ ಮೆಟ್ಟಿಲು ತಪ್ಪಿದರೆ ಮೇಲಿನದು ಹತ್ತಲು ಬರುವುದಿಲ್ಲ, ಬರೀ ಬದುಕಿನಿಂದಲೇ ಎಲ್ಲ ಗಣಿತ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳನ್ನು ಅವರ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ದುಬಾರಿ ಕಿಟ್ ತರಿಸುವ ಮೊದಲು ಅದನ್ನೊಮ್ಮೆ ತಿರುವಿ ನೋಡಿ.

ವಿಜ್ಞಾನಕ್ಕೆ ಜೂನ್‌ಗಿಂತ ಒಳ್ಳೆಯ ಆರಂಭ ಇಲ್ಲ, ಮುಂಗಾರು ತಾನಾಗಿ ಬಾಗಿಲಿಗೆ ಬರುತ್ತದೆ. ನೆಟ್ಟಗಿನ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಆಲಿಕೆಯಂತೆ ಬೋರಲು ಕೂರಿಸಿ. ತಳ ಉಬ್ಬುತಗ್ಗು ಇರುವುದರಿಂದ ಸ್ವಲ್ಪ ನೀರು ಹಾಕಿ, ಆ ಮಟ್ಟವನ್ನೇ ಸೊನ್ನೆ ಎಂದು ಗುರುತಿಸಿ, ಮೇಲಕ್ಕೆ ಸ್ಕೇಲ್ ಅಂಟಿಸಿ. ಮಳೆಮಾಪಕ ಸಿದ್ಧ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಅಳೆದು, ಬರೆದು, ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತರಬೇಕು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ಹಾಗಾದರೆ ನಮ್ಮ ತಾರಸಿಯ ಮೇಲೆ ನಿನ್ನೆ ಬಿದ್ದ ನೀರೆಷ್ಟು ಎಂದು ಹತ್ತು ವರ್ಷದ ಮಗು ಲೆಕ್ಕ ಹಾಕಬಲ್ಲದು. ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಮಳೆ ನಕ್ಷತ್ರಗಳ ಲೆಕ್ಕ ಅವರಿಂದ ಬರೆಸಿಕೊಳ್ಳಲಿ. ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರ, ಜೂನ್ ಕೊನೆಗೆ ಆರ್ದ್ರಾ, ಆಮೇಲೆ ಪುನರ್ವಸು, ಪುಷ್ಯ, ಒಂದೊಂದು ಸುಮಾರು ಹದಿಮೂರು ಹದಿನಾಲ್ಕು ದಿನ. ಯಾವ ಮಳೆಗೆ ಏನು ಬಿತ್ತುತ್ತಿದ್ದರು ಎಂಬ ಪ್ರಶ್ನೆಯಿಂದ ಭೂಗೋಳ, ಚರಿತ್ರೆ, ಬೇಸಾಯ ಮೂರೂ ತೆರೆದುಕೊಳ್ಳುತ್ತವೆ. ಮೊಮ್ಮಗು ಶಾಲೆಗೆ ಹೋಗುತ್ತಿಲ್ಲವೆಂದು ಕೊರಗುವ ಹಿರಿಯರ ಮನಸ್ಸೂ ತಿಳಿಯಾಗುತ್ತದೆ. ಅವರೊಡನೆ ವಾದ ಮಾಡುವುದಕ್ಕಿಂತ ಅವರಿಗೊಂದು ಪಾಠ ಒಪ್ಪಿಸುವುದು ಒಳ್ಳೆಯದು.

ಇನ್ನೊಂದು ಕೆಲಸ ಇಡೀ ವರ್ಷಕ್ಕೆ ಸಾಲುತ್ತದೆ. ಮನೆ ಹತ್ತಿರದ ಒಂದು ಮಾವು, ಹಲಸು, ಹುಣಸೆ ಅಥವಾ ಹೊಂಗೆ ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿ ಗಮನಿಸಿ ಬರೆಯುವುದು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸೀಸನ್‌ವಾಚ್ ಯೋಜನೆಯಲ್ಲಿ ದೇಶದ ಎಷ್ಟೋ ಮಕ್ಕಳು ಹೀಗೆ ಮಾಡುತ್ತಿದ್ದಾರೆ, ನಿಮ್ಮ ಮಗುವೂ ಸೇರಬಹುದು. ತನ್ನ ಬರಹ ನಿಜವಾದ ವಿಜ್ಞಾನಿಗಳಿಗೆ ಬೇಕಾಗಿದೆ ಎಂದು ತಿಳಿದ ಮಗುವಿನ ಅಕ್ಷರ ತಾನಾಗಿ ದುಂಡಗಾಗುತ್ತದೆ.

ಬೆಂಗಳೂರಿನವರಿಗೆ ತಿಂಗಳಿಗೊಂದು ಹೊರಗಿನ ಪಾಠ ಕಷ್ಟವಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದರ ಮೇಲೆ ಕೂತು ಭೂಮಿಯ ವಯಸ್ಸಿನ ಮಾತಾಡಿ. ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ನೆಹರು ತಾರಾಲಯ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇವೆ. ವಾರದ ದಿನ ಹೋಗುವ ಸೌಕರ್ಯ ನಿಮಗಿದೆ, ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ಒಂದು ಸಲಕ್ಕೆ ಒಂದೇ ವಿಭಾಗ ನೋಡಿದರೆ ಸಾಕು.

ಗೆಳೆಯರಿಲ್ಲದೆ ಮಗು ಒಂಟಿಯಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು, ತಳ್ಳಿಹಾಕಬೇಡಿ. ಸಂಜೆ ನಾಲ್ಕಕ್ಕೆ ಓಣಿಯ ಮಕ್ಕಳು ಮನೆಗೆ ಬಂದಾಗ ನಿಮ್ಮ ಮಗುವಿನ ಪಾಠ ಮುಗಿದಿರಬೇಕು, ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ವಾರಕ್ಕೆ ಎರಡು ದಿನವಾದರೂ ಈಜು, ಕೊಕ್ಕೋ, ಸಂಗೀತ, ಏನಾದರೊಂದರಲ್ಲಿ ಬೇರೆ ಮಕ್ಕಳ ಜೊತೆ, ಬೇರೆ ಗುರುವಿನ ಕೈಕೆಳಗೆ ಮಗು ಇರಲಿ. ತಾಯಿಯೇ ಗುರು, ತಾಯಿಯೇ ಗೆಳತಿ, ತಾಯಿಯೇ ಪರೀಕ್ಷಕಿ ಆಗಿಬಿಟ್ಟರೆ ಇಬ್ಬರಿಗೂ ಉಸಿರು ಕಟ್ಟುತ್ತದೆ. ತಂದೆ ರಾತ್ರಿಯ ಓದನ್ನೋ ಭಾನುವಾರದ ಮರದ ಕೆಲಸವನ್ನೋ ತನ್ನದಾಗಿ ಮಾಡಿಕೊಳ್ಳಬೇಕು.

ಪರೀಕ್ಷೆಯ ಚಿಂತೆ ಈಗಲೇ ಬೇಡ, ಆದರೆ ದಾರಿ ಗೊತ್ತಿರಲಿ. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಎಂದು ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು. ಐದು ವಿಷಯ ಬೇಕು, ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಲೂ ಬಹುದು. ನಮ್ಮ ಎಸ್ಎಸ್ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ. ಮಗುವಿಗೆ ಹನ್ನೆರಡು ತುಂಬಿದ ಮೇಲೆ ನಿಯಮಗಳನ್ನು ಅಧಿಕೃತ ಜಾಲತಾಣದಲ್ಲಿ ನೀವೇ ಓದಿ, ಬಾಯಿಮಾತು ನಂಬಬೇಡಿ. ಆ ವಯಸ್ಸಿನ ತನಕ ತಿಂಗಳಿಗೊಂದು ಲಕೋಟೆ ಇಡಿ: ಒಂದು ಬರಹ, ಒಂದು ಲೆಕ್ಕದ ಹಾಳೆ, ಒಂದು ಚಿತ್ರ, ಓದಿದ ಪುಸ್ತಕಗಳ ಪಟ್ಟಿ, ಮೇಲೆ ದಿನಾಂಕ. ಮಗು ಏನೂ ಕಲಿಯುತ್ತಿಲ್ಲ ಎಂದು ನಿಮಗನ್ನಿಸುವ ದಿನ ಬಂದೇ ಬರುತ್ತದೆ, ಆಗ ಜೂನ್‌ನ ಲಕೋಟೆ ತೆಗೆದು ನವೆಂಬರ್‌ನದರ ಪಕ್ಕ ಇಟ್ಟು ನೋಡಿ.

ಎಲ್ಲ ಮನೆಗೂ ಇದು ಹೊಂದುವುದಿಲ್ಲ ಎಂದು ನೇರವಾಗಿ ಹೇಳಬೇಕು. ದಿನವಿಡೀ ಹಿರಿಯರು ಯಾರೂ ಮನೆಯಲ್ಲಿರದಿದ್ದರೆ, ತಂದೆ ತಾಯಿಯರಲ್ಲಿ ಒಬ್ಬರಿಗೆ ಮನಸ್ಸೇ ಇಲ್ಲದಿದ್ದರೆ, ಎಲ್ಲಕ್ಕಿಂತ ಹೆಚ್ಚಾಗಿ ಮಗುವೇ ಶಾಲೆಗೆ ಹೋಗುತ್ತೇನೆ ಅಂದರೆ ದಯವಿಟ್ಟು ಕಳಿಸಿ. ಮನೆಯಲ್ಲಿ ಕಲಿಸುವುದು ಶಾಲೆಯ ಮೇಲಿನ ಜಗಳವಲ್ಲ. ಕಾಳಜಿಯ ಶಿಕ್ಷಕರಿರುವ ಸರ್ಕಾರಿ ಶಾಲೆ ಪಕ್ಕದಲ್ಲಿದ್ದರೆ ಅದು ದೊಡ್ಡ ಭಾಗ್ಯ, ಬೆಳಗಿನ ಹೊತ್ತು ಅಲ್ಲಿದ್ದು ಸಂಜೆ ಮನೆಯಲ್ಲಿ ಮಳೆ ಅಳೆಯುವ ಮಗುವಿಗೂ ಯಾವ ನಷ್ಟವೂ ಇಲ್ಲ.

ಮನಸ್ಸು ಗಟ್ಟಿ ಮಾಡಿಕೊಂಡವರಲ್ಲಿ ನನ್ನದೊಂದು ಕೇಳಿಕೆ. ಇಂದು ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ವರ್ಷ ನಿನಗೆ ಏನು ತಿಳಿದುಕೊಳ್ಳಬೇಕು ಅನ್ನಿಸುತ್ತದೆ ಎಂದು ಕೇಳಿ. ಹೇಳಿದ್ದನ್ನೆಲ್ಲ, ನಿಮಗೆ ಉಪಯೋಗವಿಲ್ಲ ಅನ್ನಿಸಿದ್ದನ್ನೂ ಸೇರಿಸಿ, ಅದರ ಮಾತಿನಲ್ಲೇ ಬರೆದುಕೊಳ್ಳಿ. ಅದರಲ್ಲಿ ಒಂದನ್ನಾದರೂ ಜೂನ್ ಮೊದಲ ವಾರದಲ್ಲೇ ಶುರು ಮಾಡಿ.