ನೆಲವನ್ನು ತೆರವು ಮಾಡುವ ಕ್ರಮ: ಮರ ಮತ್ತು ಮಣ್ಣಿನ ರಕ್ಷಣೆ

ಹೊಸದಾಗಿ ಸಾಗುವಳಿಗೆ ತರುವ ಭೂಮಿಯಲ್ಲಾಗಲಿ, ಪಟ್ಟಣದ ಅಂಚಿನಲ್ಲಿ ಮನೆಗಾಗಿ ಕೊಂಡ ನಿವೇಶನದಲ್ಲಾಗಲಿ, ಗಿಡಮರಗಳನ್ನು ಕಡಿದು ನೆಲವನ್ನು ಚೊಕ್ಕಟಗೊಳಿಸುವುದೇ ಮೊದಲನೆಯ ಕೆಲಸವೆಂದು ಸಾಮಾನ್ಯವಾಗಿ ಎಣಿಸುವರು. ಈ ಎಣಿಕೆಯಲ್ಲಿ ದೋಷವುಂಟು. ಅದಕ್ಕೂ ಮೊದಲು ಮಾಡತಕ್ಕ ಕೆಲಸಗಳು ಮೂರಿವೆ: ಉಳಿಸತಕ್ಕ ಮರಗಳನ್ನು ಗುರುತಿಸುವುದು, ಕಡಿಯತಕ್ಕವುಗಳಿಗೆ ಅಪ್ಪಣೆ ಪಡೆಯುವುದು, ಮಳೆನೀರಿನ ದಾರಿಯನ್ನು ಗೊತ್ತುಮಾಡಿ ಬದುಗಳನ್ನು ಹಾಕುವುದು. ಇವನ್ನು ಬಿಟ್ಟು ಕೊಡಲಿಗೆ ಕೈಹಾಕಿದವನು ಮರದ ಬೆಲೆಯನ್ನು ಎಣಿಸಿಕೊಂಡು ಮಣ್ಣಿನ ಬೆಲೆಯನ್ನು ಹಳ್ಳಕ್ಕೆ ಬಿಟ್ಟಂತಾಗುವುದು.

ಮಣ್ಣು ಹೋಗುವ ಬಗೆ

ಮರಗಳಿರುವ ನೆಲದಲ್ಲಿ ಮಳೆಯ ಹನಿಯು ನೇರವಾಗಿ ಮಣ್ಣನ್ನು ಹೊಡೆಯುವುದಿಲ್ಲ. ಎಲೆಗಳು ಅದನ್ನು ತಡೆಯುವುವು; ಕೆಳಗಿನ ತರಗು ಹೀರಿಕೊಳ್ಳುವುದು; ಬೇರುಗಳು ಕೊರೆದ ಸಂದುಗಳಲ್ಲಿ ನೀರು ನಿಧಾನವಾಗಿ ಇಳಿಯುವುದು. ಈ ಹೊದಿಕೆಯನ್ನು ತೆಗೆದೊಡನೆ ಹನಿಗಳು ಮಣ್ಣಿನ ಹೆಂಟೆಗಳನ್ನು ಒಡೆದು, ನುಣುಪಾದ ಕಣಗಳಿಂದ ಸಂದುಗಳನ್ನು ಮುಚ್ಚಿಬಿಡುವುವು. ಇಳಿಯಲಾರದ ನೀರು ಮೇಲೆಯೇ ಹರಿಯುವುದು. ನೀರಿನ ವೇಗವು ಇಮ್ಮಡಿಯಾದರೆ ಅದರ ಕೊರೆಯುವ ಶಕ್ತಿಯು ಸುಮಾರು ನಾಲ್ಮಡಿಯಾಗುವುದು. ಆದುದರಿಂದಲೇ ಸಣ್ಣ ಇಳಿಜಾರಿನಲ್ಲಿಯೂ ಒಂದು ಬಿರುಮಳೆಯು ದೊಡ್ಡ ಹಾನಿಯನ್ನು ಮಾಡಬಲ್ಲುದು.

ಈ ನಷ್ಟವು ಕಣ್ಣಿಗೆ ಬೇಗ ಬೀಳುವುದಿಲ್ಲ. ಒಂದು ಎಕರೆಯಲ್ಲಿ ಕೇವಲ ೧ ಮಿಲಿಮೀಟರಿನಷ್ಟು ಮಣ್ಣು ಸವೆದರೆ ಅದು ಸುಮಾರು ೪ ಘನ ಮೀಟರು, ತೂಕದಲ್ಲಿ ಸುಮಾರು ೫ ಟನ್ನು. ಹೀಗೆ ಹೋಗುವುದು ಗೊಬ್ಬರದ ಸತ್ತ್ವವೆಲ್ಲ ಇರುವ ಮೇಲ್ಮಣ್ಣು. ಮರದ ಬೇರುಗಳು ಹೊರಗೆ ಕಾಣತೊಡಗುವುದು, ವರ್ಷವರ್ಷಕ್ಕೆ ಕಲ್ಲುಗಳು ಮೇಲೇಳುವಂತೆ ತೋರುವುದು, ಕೆಳಗಿನ ಬದುವಿನ ಬಳಿ ಮಣ್ಣು ಗುಡ್ಡೆಬೀಳುವುದು, ಇವೇ ಅದರ ಗುರುತುಗಳು. ಹೋದ ಮಣ್ಣು ಕೊನೆಗೆ ಕೆರೆಯಲ್ಲಿ ಹೂಳಾಗಿ ನಿಲ್ಲುವುದು. ಒಬ್ಬನ ಅವಸರದ ತೆರವಿಗೆ ಅಚ್ಚುಕಟ್ಟಿನವರೆಲ್ಲರೂ ನೀರಿನಲ್ಲಿ ದಂಡ ತೆರುವರು.

ಕಾನೂನಿನ ನಿಬಂಧನೆಗಳು

ಕರ್ನಾಟಕದಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಮುಖ್ಯ ಶಾಸನವು ೧೯೭೬ನೆಯ ಇಸವಿಯ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ. ಖಾಸಗಿ ಭೂಮಿಯಲ್ಲಿರುವ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಅರ್ಜಿಯಲ್ಲಿ ಮರಗಳ ಜಾತಿ, ಸಂಖ್ಯೆ, ಸುತ್ತಳತೆ ಮತ್ತು ಕಡಿಯಲು ಕಾರಣವನ್ನು ತಿಳಿಸಿ, ಸ್ಥಳದ ನಕ್ಷೆಯನ್ನು ಲಗತ್ತಿಸತಕ್ಕದ್ದು.

‘ಕಡಿಯುವುದು’ ಎಂಬ ಮಾತಿಗೆ ಶಾಸನವು ಕೊಟ್ಟಿರುವ ಅರ್ಥವು ವಿಶಾಲವಾದುದು. ಬುಡಸಹಿತ ಕೀಳುವುದು, ಯಂತ್ರದಿಂದ ಉರುಳಿಸುವುದು, ಕೊಂಬೆಗಳನ್ನು ಸವರುವುದು, ಕಾಂಡದ ಸುತ್ತಲಿನ ತೊಗಟೆಯನ್ನು ಸುಲಿಯುವುದು, ವಿಷ ಹಾಕುವುದು, ಸುಡುವುದು, ಇವೆಲ್ಲವೂ ಅದರಲ್ಲಿ ಸೇರಿವೆ. ‘ಮರವು ತಾನಾಗಿ ಒಣಗಿತು’ ಎಂಬ ನೆಪಕ್ಕಾಗಿ ಬುಡಕ್ಕೆ ಬೆಂಕಿಯಿಡುವವನು ತಪ್ಪಿನಿಂದ ಪಾರಾಗಲಾರನು.

ಸರ್ವೆ, ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ಅಪ್ಪಣೆಯಿಂದ ವಿನಾಯಿತಿಯುಂಟು. ಈ ಪಟ್ಟಿಯು ತಿದ್ದುಪಡಿಗಳಿಂದ ಬೆಳೆದಿರುವುದರಿಂದ ವಿಚಾರಿಸಿ ತಿಳಿದುಕೊಳ್ಳುವುದು ಲೇಸು. ೫೦ಕ್ಕಿಂತ ಹೆಚ್ಚು ಮರಗಳನ್ನು ತೆಗೆಯಬೇಕಾದರೆ ಸಾರ್ವಜನಿಕರಿಗೆ ಪ್ರಕಟಣೆ ಕೊಟ್ಟು ಅವರ ಆಕ್ಷೇಪಣೆಗಳನ್ನು ಕೇಳತಕ್ಕದ್ದು. ದಾಖಲೆಯಲ್ಲಿ ಅರಣ್ಯವೆಂದಿರುವ ಭೂಮಿಯ ವಿಷಯವೇ ಬೇರೆ. ಅದನ್ನು ಈ ಅಪ್ಪಣೆಯ ಬಲದಿಂದ ತೆರವು ಮಾಡಲಾಗದು.

ಒಂದು ನಿಬಂಧನೆಯು ವಿಶೇಷವಾಗಿ ಗಮನಾರ್ಹವಾದುದು. ಬಲಿತು ಕಟಾವಿಗೆ ಬಂದ ಮರಕ್ಕೆ ಅಪ್ಪಣೆಯನ್ನು ನಿರಾಕರಿಸಬಾರದೆಂದು ಹೇಳುವ ಶಾಸನವು, ಆ ಮರವು ಕಡಿದಾದ ಇಳಿಜಾರಿನಲ್ಲಿ ಇರಬಾರದೆಂಬ ಷರತ್ತನ್ನು ಹಾಕಿದೆ. ಇದರ ತಾತ್ಪರ್ಯವು ಸ್ಪಷ್ಟವಾಗಿದೆ: ಇಳಿಜಾರಿನ ಮರದ ಬೆಲೆಯು ಅದರ ದಿಮ್ಮಿಯಲ್ಲಿಲ್ಲ, ಅದು ಹಿಡಿದಿರುವ ಮಣ್ಣಿನಲ್ಲಿದೆ. ಆದರೆ ಅಪ್ಪಣೆಯ ಪತ್ರವು ಮರಗಳನ್ನು ಮಾತ್ರ ಎಣಿಸುವುದು. ಮಣ್ಣಿನ ಲೆಕ್ಕವನ್ನು ಭೂಮಿಯ ಒಡೆಯನೇ ಇಡಬೇಕು.

ತೆರವು ಮಾಡುವ ಕಾಲ ಮತ್ತು ಕ್ರಮ

ಮೈದಾನದ ಸೀಮೆಯಲ್ಲಿ ಹಿಂಗಾರು ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲವು ಈ ಕೆಲಸಕ್ಕೆ ತಕ್ಕುದು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗಳು ಬರುವುದರೊಳಗಾಗಿ ಬದುಗಳೆಲ್ಲ ಮುಗಿದಿರಬೇಕು. ಬರಿಯ ನೆಲದ ಮೇಲೆ ಬೀಳುವ ಈ ಮೊದಲ ಮಳೆಗಳೇ ಹೆಚ್ಚು ಅಪಾಯಕರವಾದುವು.

೧. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಸಾಗುವ ಗೆರೆಗಳನ್ನು ಮೊದಲು ಗುರುತಿಸಿ, ಅವುಗಳ ಮೇಲೆ ಬದುಗಳನ್ನು ಹಾಕತಕ್ಕದ್ದು. ಹೆಚ್ಚಾದ ನೀರು ಹೋಗಲು ಹುಲ್ಲು ಬೆಳೆದ ಅಥವಾ ಕಲ್ಲು ಜೋಡಿಸಿದ ಕೋಡಿಯನ್ನು ಬಿಡತಕ್ಕದ್ದು.

೨. ಈ ಗೆರೆಗಳ ಮೇಲೂ ಹಳ್ಳದ ದಡದಲ್ಲಿಯೂ ಇರುವ ಮರಗಳನ್ನು ಉಳಿಸತಕ್ಕದ್ದು. ಹೊಂಗೆ, ಬೇವು, ಹುಣಸೆಗಳು ಬದುವಿನ ಮೇಲೆ ಉಪಯುಕ್ತವಾದುವು. ಹೊಂಗೆಯ ಸೊಪ್ಪೂ ಹಿಂಡಿಯೂ ಗೊಬ್ಬರಕ್ಕೆ ಒದಗುವುವು. ಮರವಿಲ್ಲದ ಕಡೆ ಲಾವಂಚವನ್ನು ಒತ್ತಾಗಿ ನೆಟ್ಟರೆ ಅದು ಜೀವಂತ ಬೇಲಿಯಾಗಿ ಮಣ್ಣನ್ನು ತಡೆಯುವುದು.

೩. ಇಡೀ ಭೂಮಿಯನ್ನು ಒಮ್ಮೆಗೇ ಬರಿದು ಮಾಡದೆ, ಆ ವರ್ಷ ಬಿತ್ತಬಹುದಾದಷ್ಟು ಭಾಗವನ್ನು ಮಾತ್ರ ತೆರವು ಮಾಡತಕ್ಕದ್ದು.

೪. ಇಳಿಜಾರಿನಲ್ಲಿ ಕಡಿದ ಮರಗಳ ಬೊಡ್ಡೆಗಳನ್ನು ಕೀಳಬಾರದು. ಸತ್ತ ಬೇರುಗಳು ಸಹ ಕೆಲವು ವರ್ಷ ಮಣ್ಣನ್ನು ಹಿಡಿದಿರುವುವು. ಸಮನೆಲದಲ್ಲಿ ಕಿತ್ತರೆ ಕುಳಿಯನ್ನು ತುಂಬಿ ದಮ್ಮಸು ಮಾಡಬೇಕು.

೫. ಸವರಿದ ಪೊದೆಗಳನ್ನು ಸುಡುವುದು ತರವಲ್ಲ. ಬೂದಿಯ ಗುಣವು ಅಲ್ಪಕಾಲದ್ದು. ಸುಟ್ಟ ತರಗು ಮರಳಿ ಬಾರದು. ಕೊಂಬೆರೆಂಬೆಗಳನ್ನು ಅಡ್ಡಗೆರೆಗಳ ಉದ್ದಕ್ಕೂ ಸಾಲಾಗಿ ಒಟ್ಟಿದರೆ ನೀರಿನ ವೇಗವು ಕುಗ್ಗುವುದು.

೬. ಯಂತ್ರದಿಂದ ಕೆಲಸ ಮಾಡಿಸುವವರು, ಪೊದೆಗಳೊಡನೆ ಮೇಲ್ಮಣ್ಣನ್ನೂ ಮೂಲೆಗೆ ತಳ್ಳದಂತೆ ನೋಡಿಕೊಳ್ಳಬೇಕು. ಅಗೆಯಲೇಬೇಕಾದ ಕಡೆ ಮೇಲ್ಮಣ್ಣನ್ನು ಬೇರೆ ರಾಶಿಹಾಕಿ, ಕೊನೆಯಲ್ಲಿ ಮೇಲೆಯೇ ಹರಡತಕ್ಕದ್ದು.

ಉಳಿಸಿದ ಮರದ ಆರೈಕೆ

ನಿವೇಶನಗಳಲ್ಲಿ ಉಳಿಸಿದ ಮರವು ಎರಡು ಮೂರು ವರ್ಷಗಳಲ್ಲಿ ಒಣಗುವುದುಂಟು. ಕಾರಣವು ಮಣ್ಣಿನೊಳಗೆ ಇರುವುದು. ಆಹಾರವನ್ನು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಿನಲ್ಲಿಯೇ ಇದ್ದು, ಕೊಂಬೆಗಳ ನೆರಳಿನ ಆಚೆಗೂ ಹರಡಿರುವುವು. ತಳಪಾಯದ ಮಣ್ಣನ್ನು ಬುಡದ ಸುತ್ತ ಒಟ್ಟಿದರೆ ಬೇರುಗಳಿಗೆ ಗಾಳಿ ತಪ್ಪುವುದು. ಬಂಡಿಗಳು ಓಡಾಡಿದರೆ ಮಣ್ಣು ಗಟ್ಟಿಯಾಗುವುದು. ಸಿಮೆಂಟು ತೊಳೆದ ನೀರು ಮಣ್ಣನ್ನು ಕ್ಷಾರಗೊಳಿಸುವುದು. ಕೊಂಬೆಗಳ ತುದಿಯ ನೇರಕ್ಕೆ ನೆಲದ ಮೇಲೆ ಬೇಲಿ ಕಟ್ಟಿ, ಕೆಲಸ ಮುಗಿಯುವವರೆಗೆ ಅದರೊಳಗೆ ಯಾರೂ ಅಗೆಯದಂತೆ ಮಾಡುವುದೇ ಸುಲಭವಾದ ಉಪಾಯ.

ಬದಲು ಸಸಿಗಳನ್ನು ನೆಡುವುದು

ಕಡಿದ ಮರಕ್ಕೆ ಬದಲಾಗಿ ೩೦ ದಿನಗಳೊಳಗೆ ಸಸಿ ನೆಡಬೇಕೆಂಬ ಷರತ್ತಿನ ಮೇಲೆ ಅಪ್ಪಣೆ ಕೊಡುವುದುಂಟು. ಇಲ್ಲಿ ಒಂದು ತೊಡಕು ಇದೆ. ಮಣ್ಣಿನ ಹಿತಕ್ಕಾಗಿ ಜನವರಿಯಲ್ಲಿ ಕಡಿದವನು ಫೆಬ್ರವರಿಯಲ್ಲಿ ಸಸಿ ನೆಟ್ಟರೆ, ನೀರಿನ ಅನುಕೂಲವಿಲ್ಲದ ಕಡೆ ಅದು ಬೇಸಿಗೆಯನ್ನು ದಾಟಲಾರದು. ಅವಧಿಯನ್ನು ವಿಸ್ತರಿಸುವ ಅಧಿಕಾರವನ್ನು ಶಾಸನವು ವೃಕ್ಷಾಧಿಕಾರಿಗೆ ಕೊಟ್ಟಿದೆ. ಮುಂಗಾರಿನವರೆಗೆ ಕಾಲಾವಕಾಶವನ್ನು ಬರಹದಲ್ಲಿ ಕೇಳಿಕೊಂಡು, ಬೇಸಿಗೆಯಲ್ಲಿ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮೊದಲ ಹದಮಳೆಗೆ ನೆಟ್ಟರೆ ಷರತ್ತೂ ಸಲ್ಲುವುದು, ಸಸಿಯೂ ಬದುಕುವುದು.

ಒಂದು ದಿನದಲ್ಲಿ ಬರಿದಾಗುವ ನೆಲದ ಮೇಲ್ಮಣ್ಣು ಕೂಡಿಬರಲು ಶತಮಾನಗಳು ಬೇಕು. ಕಡಿದ ಮರಕ್ಕೆ ಬದಲು ಮರವನ್ನು ನೆಡಬಹುದು. ಹರಿದುಹೋದ ಮಣ್ಣಿಗೆ ಬದಲಿಲ್ಲ. ಆದುದರಿಂದ ಮೊದಲು ಗುರುತು, ಅನಂತರ ಅಪ್ಪಣೆ, ಆಮೇಲೆ ಬದು, ಕಟ್ಟಕಡೆಗೆ ಕೊಡಲಿ ಎಂಬ ಕ್ರಮವನ್ನು ಭೂಮಿಯುಳ್ಳವರೆಲ್ಲರೂ ತಪ್ಪದೆ ಅನುಸರಿಸುವುದು ಶ್ರೇಯಸ್ಕರವು.