ಪಾತ್ ಅಂದ್ರೆ ಬೀಗ ಅಲ್ಲ
ಡೆಬಿಯನ್ ಲಿನಕ್ಸ್‌ನಲ್ಲಿ ಸಾಮಾನ್ಯ ಯೂಸರ್ ಆಗಿ ಲಾಗಿನ್ ಆಗಿ, ಟರ್ಮಿನಲ್‌ನಲ್ಲಿ ‘ಎಫ್‌ಡಿಸ್ಕ್’ ಕಮಾಂಡ್ ಕೊಟ್ಟು ನೋಡಿ. ‘ಕಮಾಂಡ್ ನಾಟ್ ಫೌಂಡ್’ ಅನ್ನುತ್ತೆ. ಹಾಗಂತ ಆ ಪ್ರೋಗ್ರಾಂ ಕಂಪ್ಯೂಟರ್‌ನಲ್ಲಿ ಇಲ್ಲ ಅಂತಲ್ಲ. ಶೆಲ್ ಹುಡುಕಿದ ಜಾಗದಲ್ಲಿ ಇಲ್ಲ, ಅಷ್ಟೇ.

ಹೀಗೆ ಹುಡುಕಬೇಕಾದ ಡೈರೆಕ್ಟರಿಗಳ ಪಟ್ಟಿಯೇ ‘ಪಾತ್’. ಶೆಲ್ ಅದನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗುತ್ತದೆ. ಮೊದಲು ಸಿಕ್ಕಿದ್ದನ್ನೇ ಓಡಿಸುತ್ತದೆ.

ಎಲ್ಲರೂ ಬಳಸುವ ಕಮಾಂಡ್‌ಗಳು ‘ಬಿನ್’ ಡೈರೆಕ್ಟರಿಯಲ್ಲಿ, ಸಿಸ್ಟಂ ನೋಡಿಕೊಳ್ಳುವವರಿಗೆ ಬೇಕಾದವು ‘ಎಸ್‌ಬಿನ್’ನಲ್ಲಿ ಇರಬೇಕು ಅನ್ನೋದು ಹಳೇ ಪದ್ಧತಿ. ಡೆಬಿಯನ್ ಎಸ್‌ಬಿನ್ ಅನ್ನು ರೂಟ್‌ನ ಪಾತ್‌ಗೆ ಮಾತ್ರ ಸೇರಿಸುತ್ತದೆ. ಉಬುಂಟು ಎಲ್ಲರ ಪಾತ್‌ಗೂ ಸೇರಿಸುತ್ತದೆ. 2025ರಲ್ಲಿ ಬಂದ ಫೆಡೋರಾ 42 ಎರಡೂ ಡೈರೆಕ್ಟರಿಗಳನ್ನು ಒಂದೇ ಮಾಡಿತು.

ಹಾಗಾದ್ರೆ ಡೆಬಿಯನ್ ಹೆಚ್ಚು ಸುರಕ್ಷಿತವೇ? ಇಲ್ಲ. ಎಸ್‌ಬಿನ್‌ನಿಂದ ಶುರುಮಾಡಿ ಪೂರ್ತಿ ವಿಳಾಸ ಟೈಪ್ ಮಾಡಿದರೆ ಸಾಮಾನ್ಯ ಯೂಸರ್‌ಗೂ ಎಫ್‌ಡಿಸ್ಕ್ ಓಡುತ್ತದೆ. ನಿಮ್ಮದೇ ಡಿಸ್ಕ್ ಇಮೇಜ್ ಫೈಲ್ ಕೊಟ್ಟರೆ ಪಾರ್ಟಿಶನ್ ಕೂಡ ಮಾಡಿಕೊಡುತ್ತದೆ. ಆದರೆ ನಿಜವಾದ ಹಾರ್ಡ್ ಡಿಸ್ಕ್ ಮುಟ್ಟಲು ಹೋದರೆ ಕರ್ನಲ್ ‘ಪರ್ಮಿಶನ್ ಡಿನೈಡ್’ ಅನ್ನುತ್ತದೆ. ಅಂದರೆ ಕಾವಲು ಕಾಯೋದು ಪರ್ಮಿಶನ್, ಪಾತ್ ಅಲ್ಲ. ಆದ್ದರಿಂದ ಎಸ್‌ಬಿನ್ ಎಲ್ಲರ ಪಾತ್‌ನಲ್ಲಿದ್ದರೆ ನಷ್ಟವೇನಿಲ್ಲ. ಟ್ಯಾಬ್ ಒತ್ತಿದಾಗ ಪಟ್ಟಿ ಸ್ವಲ್ಪ ಉದ್ದ ಬರಬಹುದು.

ನಿಜವಾದ ಅಪಾಯ ಬೇರೆ ಕಡೆ ಇದೆ. ‘ಈಗ ನಾನಿರುವ ಡೈರೆಕ್ಟರಿ’ ಅನ್ನೋದಕ್ಕೆ ಗುರುತು ಒಂದು ಚುಕ್ಕೆ. ರೂಟ್‌ನ ಪಾತ್‌ನಲ್ಲಿ ಮೊದಲಿಗೇ ಆ ಚುಕ್ಕೆ ಇದೆ ಅಂದುಕೊಳ್ಳಿ. ಎಲ್ಲರೂ ಬರೆಯಬಹುದಾದ ‘ಟೆಂಪ್’ ಡೈರೆಕ್ಟರಿಯಲ್ಲಿ ಯಾರೋ ಒಬ್ಬರು ‘ಎಲ್‌ಎಸ್’ ಅನ್ನೋ ಹೆಸರಲ್ಲಿ ತಮ್ಮ ಸ್ಕ್ರಿಪ್ಟ್ ಇಟ್ಟಿರುತ್ತಾರೆ. ಅಡ್ಮಿನ್ ಅಲ್ಲಿಗೆ ಹೋಗಿ ಎಲ್‌ಎಸ್ ಅಂದ ತಕ್ಷಣ ಆ ಸ್ಕ್ರಿಪ್ಟ್ ರೂಟ್ ಅಧಿಕಾರದಲ್ಲಿ ಓಡುತ್ತದೆ. ನೂರಾರು ಜನ ಹಂಚಿಕೊಂಡಿರುವ ಲ್ಯಾಬ್ ಸರ್ವರ್ ಆದರೆ ಎಲ್ಲರ ಪ್ರಾಜೆಕ್ಟೂ ಹೋದ ಹಾಗೇ. ಚುಕ್ಕೆಯನ್ನು ಕೊನೆಗೆ ಹಾಕಿದರೂ ಸಾಲದು. ಅವಸರದಲ್ಲಿ ‘ಎಸ್‌ಎಲ್’ ಅಂತ ಟೈಪ್ ಆಗುವುದನ್ನೇ ಕಾಯುವವರು ಇರ್ತಾರೆ.

ಹಾಗಾಗಿ ಒಂದು ಡೈರೆಕ್ಟರಿಯನ್ನು ಪಾತ್‌ಗೆ ಸೇರಿಸುವ ಮುಂಚೆ ‘ಇದರೊಳಗೆ ಏನಿದೆ’ ಅನ್ನೋದಕ್ಕಿಂತ ‘ಇದರೊಳಗೆ ಯಾರು ಬರೆಯಬಹುದು’ ಅಂತ ಕೇಳಬೇಕು. ರೂಟ್‌ನ ಪಾತ್ ಆದರೆ ಉತ್ತರ ‘ರೂಟ್ ಮಾತ್ರ’ ಅಂತಿರಬೇಕು. ನಿಮ್ಮ ಪಾತ್ ಆದರೆ ‘ರೂಟ್ ಅಥವಾ ನಾನು’.

ಕೊನೆಗೊಂದು ಉಪಯೋಗಕ್ಕೆ ಬರೋ ಮಾತು: 2019ರ ಡೆಬಿಯನ್ 10ರಿಂದ ಈಚೆಗೆ, ಬರೀ ‘ಎಸ್‌ಯು’ ಅಂದರೆ ಹಳೇ ಯೂಸರ್‌ನ ಪಾತ್ ಹಾಗೇ ಉಳಿಯುತ್ತದೆ. ರೂಟ್ ಆದಮೇಲೂ ಎಫ್‌ಡಿಸ್ಕ್ ಸಿಗದಿದ್ದರೆ ಗಾಬರಿ ಬೇಡ. ಎಸ್‌ಯು ಮುಂದೆ ಜಾಗ ಬಿಟ್ಟು ಒಂದು ಹೈಫನ್ ಹಾಕಿ, ಸಿಗುತ್ತೆ.