ದ್ವಾರಿಕಾಸ್‌ಗೆ ಮೊದಲ ಸಲ ಹೋಗುವವರಿಗೆ

ಬೂಟಿಕ್ ಹೋಟೆಲ್ ಎಂದರೆ ಕೋಣೆ ಕಡಿಮೆ, ಬಿಲ್ಲು ಜಾಸ್ತಿ ಎಂದು ತಿಳಿದವರೇ ಹೆಚ್ಚು. ಅದು ಅರ್ಧ ನಿಜ. ದೊಡ್ಡ ಚೈನ್ ಹೋಟೆಲಿನಲ್ಲಿ ಬೆಳಿಗ್ಗೆ ಎದ್ದರೆ ದಿಲ್ಲಿಯಲ್ಲಿದ್ದೇವೋ ದುಬೈನಲ್ಲಿದ್ದೇವೋ ಎಂದು ಕಿಟಕಿಯ ಪರದೆ ಸರಿಸಿಯೇ ತಿಳಿಯಬೇಕು. ಬೂಟಿಕ್ ಹೋಟೆಲಿನಲ್ಲಿ ಪರದೆ, ಬಾಗಿಲು, ತಟ್ಟೆ ಎಲ್ಲವೂ ಊರಿನ ಹೆಸರು ಹೇಳುತ್ತವೆ. ಅದರ ಹಿಂದೆ ಸಾಮಾನ್ಯವಾಗಿ ಯಾರೋ ಒಬ್ಬರ ಹುಚ್ಚು ಇರುತ್ತದೆ. ಕಠ್ಮಂಡುವಿನ ದ್ವಾರಿಕಾಸ್‌ನದು ಮರದ ಹುಚ್ಚು.

1952ರಲ್ಲಿ ದ್ವಾರಿಕಾ ದಾಸ್ ಶ್ರೇಷ್ಠ ಎಂಬವರು ಬೆಳಗಿನ ಓಟಕ್ಕೆ ಹೋಗಿದ್ದಾಗ, ಕೆಡವಿದ ಹಳೆಯ ಕಟ್ಟಡವೊಂದರ ಕಂಬದಿಂದ ಬಡಗಿಗಳು ಕೆತ್ತನೆಯ ಭಾಗವನ್ನು ಗರಗಸದಲ್ಲಿ ಕೊಯ್ಯುತ್ತಿದ್ದರಂತೆ. ಅವರಿಗೆ ಬೇಕಿದ್ದದ್ದು ಮರ, ಕೆತ್ತನೆಯಲ್ಲ. ಶ್ರೇಷ್ಠರು ಹೊಸ ಮರ ಕೊಟ್ಟು ಹಳೆಯದನ್ನು ಮನೆಗೆ ತಂದರು. ಆಮೇಲೆ ಅದೇ ಚಾಳಿಯಾಯಿತು. ಕಠ್ಮಂಡು ಕಣಿವೆಯಲ್ಲಿ ಹಳೆಯ ಮನೆಗಳು ಬಿದ್ದು ಕಾಂಕ್ರೀಟ್ ಏಳುತ್ತಿದ್ದ ಕಾಲ ಅದು. ಕಿಟಕಿ, ಬಾಗಿಲುವಾಡ, ಆನುಗಂಬಗಳು ಕಟ್ಟಿಗೆಯ ರಾಶಿಗೆ ಸೇರುತ್ತಿದ್ದವು. ಸಂಗ್ರಹ ಬೆಳೆದಂತೆ ಅದನ್ನು ಸಾಕಲು ದುಡ್ಡು ಬೇಕಾಯಿತು. ಪ್ರವಾಸಿಗರಿಗೆ ಕೋಣೆ ಕೊಟ್ಟು ಆ ದುಡ್ಡಿನಲ್ಲಿ ಮರ ಉಳಿಸುವುದು ಅವರು ಕಂಡುಕೊಂಡ ದಾರಿ. ನನ್ನ ಮಟ್ಟಿಗೆ ಇದು ಹೋಟೆಲ್ ನಡೆಸುವ ವಸ್ತುಸಂಗ್ರಹಾಲಯ.

ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ರಿಸೆಪ್ಷನ್ ಕಡೆ ಓಡಬೇಡಿ. ಅಂಗಳದಲ್ಲಿ ನಿಂತು ಕೆಂಪು ಇಟ್ಟಿಗೆಯ ಗೋಡೆ ನೋಡಿ. ಜಾಲರಿ ಕಿಟಕಿಗಳ ಹತ್ತಿರ ಹೋಗಿ: ಸಣ್ಣ ಸಣ್ಣ ಪಟ್ಟಿಗಳನ್ನು ಒಂದಕ್ಕೊಂದು ಕಚ್ಚಿಸಿ ಕೂಡಿಸಿದ್ದು, ಮೊಳೆಯ ಹಂಗಿಲ್ಲ. ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿದ್ದವರು ಕಾಣುವುದಿಲ್ಲ. ಇದು ಕಣಿವೆಯ ಮೂಲನಿವಾಸಿಗಳಾದ ನೇವಾರರ ಕಸುಬು. ಮುರಿದದ್ದನ್ನು ಸರಿಪಡಿಸಲು ಕೆತ್ತನೆಗಾರರನ್ನು ಹೋಟೆಲೇ ಇಟ್ಟುಕೊಂಡಿದೆ.

ಇನ್ನು ಊಟ. ಇಲ್ಲಿನ ಕೃಷ್ಣಾರ್ಪಣ್ ರೆಸ್ಟೋರೆಂಟಿನಲ್ಲಿ ನೇಪಾಳಿ ಊಟ 6 ಸುತ್ತಿನಿಂದ 22 ಸುತ್ತಿನವರೆಗೆ ಇದೆ. ತಗ್ಗು ಮೇಜಿನ ಮುಂದೆ ನೆಲದಲ್ಲಿ ಕೂರಬೇಕು. ಕೂತಲ್ಲೇ ಕೈಗೆ ನೀರು ಹಾಕುತ್ತಾರೆ. ಮದುವೆ ಪಂಕ್ತಿಯಲ್ಲಿ ಉಂಡು ಬೆಳೆದ ನಮಗೆ ಇದೇನೂ ಹೊಸತಲ್ಲ, ಆದರೆ ಇಲ್ಲಿ ಎಲ್ಲವೂ ಒಟ್ಟಿಗೆ ಎಲೆ ತುಂಬುವುದಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು, ಸ್ವಲ್ಪ ಸ್ವಲ್ಪವೇ.

ತಟ್ಟೆಗೆ ಬರುವ ಹೆಸರುಗಳ ಪರಿಚಯ ಮೊದಲೇ ಇರಲಿ. ನೇವಾರರ ಸಮಯ್ ಬಜಿ ಎಂದರೆ ಅವಲಕ್ಕಿ, ಹುರಿದ ಕಪ್ಪು ಸೋಯಾ, ಶುಂಠಿ, ಮಾಂಸದ ಚೂರು. ಬಾರಾ ಉದ್ದಿನ ಹಿಟ್ಟಿನ ದಪ್ಪ ರೊಟ್ಟಿ. ಆಲೂ ತಾಮಾದಲ್ಲಿ ಆಲೂಗಡ್ಡೆ, ಅಲಸಂದೆ, ಹುಳಿ ಬರಿಸಿದ ಕಳಲೆ ಇರುತ್ತದೆ. ಮಲೆನಾಡಿನವರು ಇದರ ವಾಸನೆಗೇ ಎದ್ದು ಕೂರುತ್ತಾರೆ. ಗುಂದ್ರುಕ್ ಎಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪು, ಅದಕ್ಕೆ ನಾಲಿಗೆ ಪಳಗಲು ಎರಡು ತುತ್ತು ಬೇಕು. ಐಲಾ ಎಂಬ ಭಟ್ಟಿ ಸಾರಾಯಿಯನ್ನು ಕೊಕ್ಕಿನ ಪಾತ್ರೆಯಿಂದ ಎತ್ತರಕ್ಕೆ ಹಿಡಿದು ಪುಟ್ಟ ಬಟ್ಟಲಿಗೆ ಸುರಿಯುತ್ತಾರೆ. ನೋಡಲು ಚೆಂದ, ಕುಡಿಯಲು ಖಡಕ್ಕು. ಬೇಡವಾದರೆ ಮೊದಲೇ ಹೇಳಿ.

22 ಸುತ್ತು ಹೊಟ್ಟೆಗಿಂತ ಹೆಚ್ಚಾಗಿ ತಾಳ್ಮೆಯ ಪರೀಕ್ಷೆ. ಮೊದಲ ಸಲಕ್ಕೆ 6 ಸಾಕು. ಸಸ್ಯಾಹಾರಿ ಊಟವೂ ಸಿಗುತ್ತದೆ, ಜಾಗ ಕಾಯ್ದಿರಿಸುವಾಗಲೇ ತಿಳಿಸಬೇಕು. ಕೋಣೆಯ ಬಾಡಿಗೆ ಭಾರವೆನಿಸಿದವರು ಬರೀ ಊಟಕ್ಕೂ ಹೋಗಬಹುದು. ಕರ್ನಾಟಕದ ಭಟ್ಟರು ಪೂಜೆ ಮಾಡುವ ಪಶುಪತಿನಾಥ ದೇಗುಲ ಇಲ್ಲಿಂದ ಹತ್ತಿರ. ದರ್ಶನ ಮುಗಿಸಿ, ಬೆಳಕಿರುವಾಗಲೇ ಬಂದರೆ ಊಟಕ್ಕೆ ಮೊದಲು ಕಿಟಕಿಗಳನ್ನು ನೋಡಲು ಸಮಯ ಸಿಗುತ್ತದೆ.